ವಿದ್ಯಾರ್ಥಿವೇತನವೆಂಬ ಅಮಾನತ್: ಡಾ. ಬಿ.ಆರ್. ಅಂಬೇಡ್ಕರ್ ಅವರ ವಿದೇಶ ವ್ಯಾಸಂಗ



ಡಾ. ಭೀಮರಾವ್ ರಾಮಜಿ ಅಂಬೇಡ್ಕರ್ ಎಂದೊಡನೆ ನಮಗೆಲ್ಲ ನೆನಪಾಗುವುದು ಭಾರತದ ಸಂವಿಧಾನ. ನಮ್ಮ ಪಠ್ಯಪುಸ್ತಕಗಳಲ್ಲಿ ಅವರ ಚಿತ್ರವಿದೆ, ಶಾಲೆಯ ಗೋಡೆಯ ಮೇಲೆ ಅವರ ಭಾವಚಿತ್ರವಿದೆ, ಪ್ರತಿ ವರ್ಷ ಏಪ್ರಿಲ್ 14ರಂದು ಅವರ ಜಯಂತಿಯನ್ನು ಆಚರಿಸುತ್ತೇವೆ. ಆದರೆ ಅವರು ಮೊದಲು ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದರು, ಆ ವಿದ್ಯೆಯನ್ನು ಒಂದು ವಿದ್ಯಾರ್ಥಿವೇತನದ ಬಲದಿಂದ ಅಮೆರಿಕಕ್ಕೆ ಹೋಗಿ ಕಲಿತರು ಎಂಬುದು ಎಷ್ಟು ಜನರಿಗೆ ಗೊತ್ತು? ಆ ವಿದ್ಯಾರ್ಥಿವೇತನ ಹೇಗೆ ಸಿಕ್ಕಿತು, ಅದರ ಷರತ್ತುಗಳೇನು, ಅದು ನಡುವೆ ನಿಂತುಹೋದಾಗ ಅವರು ಏನು ಮಾಡಿದರು, ಕೊನೆಗೆ ಆ ಋಣವನ್ನು ಹೇಗೆ ತೀರಿಸಿದರು ಎಂಬುದನ್ನು ನೀವು ಅರಿಯಬೇಕು. ಉನ್ನತ ವ್ಯಾಸಂಗಕ್ಕಾಗಿ ಅರ್ಜಿ ಹಿಡಿದು ನಿಂತಿರುವ ಪ್ರತಿಯೊಬ್ಬ ಬಡ ವಿದ್ಯಾರ್ಥಿಗೂ ಈ ಕಥೆಯಲ್ಲಿ ಪಾಠವಿದೆ.

ಬಾಲ್ಯ ಮತ್ತು ಶಾಲೆ

ಅಂಬೇಡ್ಕರ್ ಅವರು 1891ರ ಏಪ್ರಿಲ್ 14ರಂದು ಮಧ್ಯ ಭಾರತದ ಮಹೂ ಎಂಬ ದಂಡಿನ ಊರಿನಲ್ಲಿ ಜನಿಸಿದರು. ತಂದೆ ರಾಮಜಿ ಸಕ್ಪಾಲ್ ಸೈನ್ಯದಲ್ಲಿ ಸುಬೇದಾರರಾಗಿದ್ದು, ಸೇನೆಯ ಶಾಲೆಯಲ್ಲಿ ಪಾಠ ಹೇಳಿದವರು. ಕುಟುಂಬದ ಮೂಲ ಕೊಂಕಣದ ರತ್ನಾಗಿರಿ ಜಿಲ್ಲೆ. ಅವರು ಮಹಾರ್ ಜಾತಿಗೆ ಸೇರಿದವರು. ಆ ಕಾಲದಲ್ಲಿ ಈ ಜಾತಿಯ ಮಕ್ಕಳು ಶಾಲೆಯಲ್ಲಿ ಬೇರೆಯಾಗಿ ಕುಳಿತುಕೊಳ್ಳಬೇಕಿತ್ತು, ನೀರಿನ ನಲ್ಲಿಯನ್ನು ತಾವಾಗಿ ಮುಟ್ಟುವಂತಿರಲಿಲ್ಲ. ಜವಾನನು ನಲ್ಲಿ ತಿರುಗಿಸಿದರೆ ನೀರು, ಅವನು ಬಾರದ ದಿನ ಬಾಯಾರಿಕೆ. ಹೀಗೆ ಓದಿದ ಹುಡುಗ ಅವರು.

ತಂದೆಗೆ ಮಗನ ಓದಿನ ಮೇಲೆ ಇದ್ದ ಹಂಬಲ ದೊಡ್ಡದು. ಪುಸ್ತಕ ಕೊಳ್ಳಲು ಕೈಯಲ್ಲಿ ಹಣವಿಲ್ಲದಾಗ, ಮದುವೆಯಾದ ಹೆಣ್ಣುಮಕ್ಕಳ ಒಡವೆಯನ್ನು ಕೇಳಿ ತಂದು ಅಡವಿಟ್ಟು ಪುಸ್ತಕ ತರುತ್ತಿದ್ದರು. ಮುಂಬಯಿಯ ಪರೇಲ್‌ನಲ್ಲಿ ಒಂದೇ ಕೋಣೆಯ ಮನೆ. ಅಲ್ಲಿ ಎಲ್ಲರೂ ಮಲಗಿದ ಮೇಲೆ, ನಡುರಾತ್ರಿ ಎರಡು ಗಂಟೆಗೆ ತಂದೆ ಮಗನನ್ನು ಎಬ್ಬಿಸಿ ದೀಪದ ಮುಂದೆ ಓದಲು ಕೂರಿಸುತ್ತಿದ್ದರು. 1907ರಲ್ಲಿ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ ಭೀಮರಾವ್ ಮೆಟ್ರಿಕ್ಯುಲೇಷನ್ ಪಾಸಾದರು. ಅವರ ಸಮುದಾಯದಲ್ಲಿ ಅದು ಅಪರೂಪದ ಸಾಧನೆಯಾಗಿತ್ತು.

ಇಲ್ಲಿ ಒಬ್ಬ ಉಪಾಧ್ಯಾಯರ ಹೆಸರನ್ನು ಹೇಳಲೇಬೇಕು. ಅವರೇ ಕೃಷ್ಣಾಜಿ ಅರ್ಜುನ್ ಕೇಳುಸ್ಕರ್. ಉದ್ಯಾನದಲ್ಲಿ ಸದಾ ಓದುತ್ತ ಕುಳಿತಿರುತ್ತಿದ್ದ ಈ ಹುಡುಗನನ್ನು ಅವರು ಗುರುತಿಸಿದರು. ತಾವು ಮರಾಠಿಯಲ್ಲಿ ಬರೆದ ಬುದ್ಧನ ಚರಿತ್ರೆಯನ್ನು ಅವನಿಗೆ ಕಾಣಿಕೆಯಾಗಿ ಕೊಟ್ಟರು. ತಂದೆಗೆ ಮುಂದೆ ಓದಿಸುವ ಶಕ್ತಿ ಇಲ್ಲವಾದಾಗ, ಇದೇ ಕೇಳುಸ್ಕರ್ ಅವರು ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರ ಬಳಿ ಅವನ ವಿಷಯವನ್ನು ಪ್ರಸ್ತಾಪಿಸಿದರು. ಮಹಾರಾಜರು ತಿಂಗಳಿಗೆ 25 ರೂಪಾಯಿಗಳ ವಿದ್ಯಾರ್ಥಿವೇತನ ಮಂಜೂರು ಮಾಡಿದರು. ಆ ಹಣದಿಂದ ಎಲ್ಫಿನ್‌ಸ್ಟನ್ ಕಾಲೇಜಿನ ಓದು ಮುಗಿದು, 1912ರಲ್ಲಿ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರದಲ್ಲಿ ಬಿ.ಎ. ಪದವಿ ದೊರೆಯಿತು. ಶಿಕ್ಷಕ ವೃತ್ತಿಯಲ್ಲಿರುವ ನಾವೆಲ್ಲ ನೆನಪಿಡಬೇಕಾದದ್ದು ಇದು. ಕೇಳುಸ್ಕರ್ ಅವರು ಕೊಟ್ಟದ್ದು ಒಂದು ಪುಸ್ತಕ ಮತ್ತು ಒಂದು ಶಿಫಾರಸು. ದೇಶಕ್ಕೆ ಅದರಿಂದ ಸಿಕ್ಕಿದ್ದು ಎಷ್ಟು ದೊಡ್ಡದು!

ಕರಾರಿಗೆ ಸಹಿ

1913ರ ಜನವರಿಯಲ್ಲಿ ಅಂಬೇಡ್ಕರ್ ಬರೋಡಾ ಸಂಸ್ಥಾನದ ಸೇವೆಗೆ ಸೇರಿದರು. ಕೆಲವೇ ದಿನಗಳಲ್ಲಿ ತಂದೆಯ ಕಾಯಿಲೆಯ ಸುದ್ದಿ ಬಂತು. ಫೆಬ್ರವರಿ 2ರಂದು ರಾಮಜಿ ತೀರಿಕೊಂಡರು. ಮನೆಯಲ್ಲಿ ಹೆಂಡತಿ ರಮಾಬಾಯಿ, ಹಿಂದಿನ ಡಿಸೆಂಬರಿನಲ್ಲಿ ಹುಟ್ಟಿದ ಮಗು ಯಶವಂತ. ಸಂಸಾರದ ಭಾರ ಹೆಗಲಿಗೆ ಬಿದ್ದ ಆ ಹೊತ್ತಿನಲ್ಲೇ, ಮಹಾರಾಜರು ಕೆಲವು ವಿದ್ಯಾರ್ಥಿಗಳನ್ನು ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾನಿಲಯಕ್ಕೆ ಕಳುಹಿಸಲಿದ್ದಾರೆ ಎಂದು ತಿಳಿಯಿತು. ಅಂಬೇಡ್ಕರ್ ಅರ್ಜಿ ಹಾಕಿಕೊಂಡು ಆಯ್ಕೆಯಾದರು.

ವಿದ್ಯಾರ್ಥಿವೇತನ ತಿಂಗಳಿಗೆ ಹನ್ನೊಂದೂವರೆ ಪೌಂಡು, ಅವಧಿ ಮೂರು ವರ್ಷ. 1913ರ ಜೂನ್ 4ರಂದು ಅವರು ಕರಾರಿಗೆ ಸಹಿ ಹಾಕಿದರು. ಗೊತ್ತುಪಡಿಸಿದ ವಿಷಯವನ್ನೇ ಓದಬೇಕು, ಓದು ಮುಗಿದ ಮೇಲೆ ಹತ್ತು ವರ್ಷ ಬರೋಡಾ ಸಂಸ್ಥಾನದ ಸೇವೆ ಮಾಡಬೇಕು. ಇದು ಷರತ್ತು. ಇಂದಿಗೂ ಎಷ್ಟೋ ವಿದ್ಯಾರ್ಥಿವೇತನಗಳಲ್ಲಿ ಇಂಥದ್ದೇ ಮಾತು ಇರುತ್ತದೆ: ಓದಿ ಮುಗಿಸಿ ನಿಮ್ಮ ದೇಶಕ್ಕೆ ಹಿಂತಿರುಗಿ, ಅಲ್ಲಿನ ಜನರಿಗೆ ಉಪಯೋಗವಾಗಿ ಎಂದು. ಆದ್ದರಿಂದ ಸಹಿ ಹಾಕುವ ಮೊದಲು ಕರಾರನ್ನು ಪೂರ್ತಿ ಓದುವುದನ್ನು ಕಲಿಯಿರಿ.

ನ್ಯೂಯಾರ್ಕಿನ ಮೂರು ವರ್ಷ

1913ರ ಜುಲೈ ತಿಂಗಳಲ್ಲಿ ಅವರು ನ್ಯೂಯಾರ್ಕ್ ತಲುಪಿದರು. ಹೊಸ ಊರಿನಲ್ಲಿ ಯಾರೂ ಅವರ ಜಾತಿ ಕೇಳಲಿಲ್ಲ. ವಿದ್ಯಾರ್ಥಿನಿಲಯದಲ್ಲಿ ನವಲ್ ಭಾತೇನಾ ಎಂಬ ಪಾರ್ಸಿ ಯುವಕ ಜೊತೆಯಾದರು. ಆ ಗೆಳೆತನ ಜೀವನಪರ್ಯಂತ ಉಳಿಯಿತು.

ಅವರು ಏನು ಓದಿದರು ಎಂಬುದನ್ನು ಗಮನಿಸಿ. ಕೊಲಂಬಿಯಾದಲ್ಲಿ ಅವರು ತೆಗೆದುಕೊಂಡ ಪಾಠಕ್ರಮಗಳಲ್ಲಿ 29 ಅರ್ಥಶಾಸ್ತ್ರದವು, 11 ಇತಿಹಾಸದವು. ಜೊತೆಗೆ ಸಮಾಜಶಾಸ್ತ್ರ, ತತ್ವಶಾಸ್ತ್ರ, ಮಾನವಶಾಸ್ತ್ರ. ಎಡ್ವಿನ್ ಸೆಲಿಗ್ಮನ್ ಅವರಿಂದ ಸರ್ಕಾರದ ಹಣಕಾಸು ವ್ಯವಹಾರವನ್ನು, ಜಾನ್ ಡ್ಯೂಯಿ ಅವರಿಂದ ಪ್ರಜಾಪ್ರಭುತ್ವದ ವಿಚಾರವನ್ನು ಕಲಿತರು. ತೆರಿಗೆಯ ಹಣ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಬಡವನ ಪಾಲಿಗೆ ಎಷ್ಟು ಬರುತ್ತದೆ ಎಂಬ ಲೆಕ್ಕ ತಿಳಿಯದೆ ಬಡತನದ ಬಗ್ಗೆ ಮಾತಾಡಿ ಪ್ರಯೋಜನವಿಲ್ಲ. ಅಂಬೇಡ್ಕರ್ ಆ ಲೆಕ್ಕವನ್ನೇ ಕಲಿಯಲು ಕುಳಿತರು. ಇಂದು ನಾವು ಅಭಿವೃದ್ಧಿ ಅಧ್ಯಯನ ಎಂದು ಕರೆಯುವ ವಿಷಯದ ಬಹುಭಾಗ ಅದರಲ್ಲೇ ಅಡಗಿತ್ತು.

1915ರಲ್ಲಿ ಎಂ.ಎ. ಪದವಿ ಬಂತು. 1916ರ ಮೇ ತಿಂಗಳಲ್ಲಿ ಭಾರತದ ಜಾತಿಗಳ ಹುಟ್ಟು ಮತ್ತು ಬೆಳವಣಿಗೆಯ ಬಗ್ಗೆ ಮಾನವಶಾಸ್ತ್ರದ ವಿಚಾರಗೋಷ್ಠಿಯಲ್ಲಿ ಪ್ರಬಂಧ ಓದಿದರು. ತಮಗೆ ಬರುತ್ತಿದ್ದ ಹಣದಲ್ಲೇ ಮಿತವ್ಯಯ ಮಾಡಿ ಮನೆಗೂ ಕಳುಹಿಸುತ್ತಿದ್ದರು. ಊಟದಲ್ಲಿ ಉಳಿಸಿ ಹಳೆಯ ಪುಸ್ತಕಗಳ ಅಂಗಡಿಯಲ್ಲಿ ಖರ್ಚು ಮಾಡುತ್ತಿದ್ದರು.

ಅವಧಿ ಮುಗಿಯಿತು

1916ರಲ್ಲಿ ಅವರು ಲಂಡನ್ನಿಗೆ ಬಂದು, ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಮತ್ತು ಕಾನೂನು ಕಲಿಸುವ ಗ್ರೇಸ್ ಇನ್ ಎರಡಕ್ಕೂ ಸೇರಿದರು. ಆದರೆ ಮರುವರ್ಷವೇ ವಿದ್ಯಾರ್ಥಿವೇತನದ ಅವಧಿ ಮುಗಿಯಿತು. ಓದು ಅರ್ಧಕ್ಕೇ ನಿಂತಿತು. ನಾಲ್ಕು ವರ್ಷದೊಳಗೆ ಬಂದು ಮುಂದುವರಿಸಲು ವಿಶ್ವವಿದ್ಯಾನಿಲಯದಿಂದ ಅನುಮತಿ ಪಡೆದು, 1917ರ ಆಗಸ್ಟಿನಲ್ಲಿ ಮುಂಬಯಿಗೆ ಹಿಂತಿರುಗಿದರು. ಆಗ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಅವರ ಸಾಮಾನು ಬೇರೊಂದು ಹಡಗಿನಲ್ಲಿ ಬರುತ್ತಿತ್ತು. ಜರ್ಮನ್ ಜಲಾಂತರ್ಗಾಮಿಯ ದಾಳಿಗೆ ಸಿಕ್ಕಿ ಆ ಹಡಗು ಮುಳುಗಿತು, ಸಾಮಾನೆಲ್ಲ ಸಮುದ್ರದ ಪಾಲಾಯಿತು.

ಕರಾರಿನಂತೆ ಬರೋಡಾಕ್ಕೆ ಹೋದರು. ಮಹಾರಾಜರ ಸೇನಾ ಕಾರ್ಯದರ್ಶಿಯ ಹುದ್ದೆ ಸಿಕ್ಕಿತು. ಆದರೆ ಊರಿನಲ್ಲಿ ತಂಗಲು ಅವರಿಗೆ ಒಂದು ಕೋಣೆ ಸಿಗಲಿಲ್ಲ. ಕಚೇರಿಯಲ್ಲಿ ಜವಾನರು ಕಡತಗಳನ್ನು ದೂರದಿಂದಲೇ ಅವರ ಮೇಜಿನ ಮೇಲೆ ಎಸೆಯುತ್ತಿದ್ದರು. ಗುರುತು ಮರೆಸಿ ಒಂದು ಪಾರ್ಸಿ ಛತ್ರದಲ್ಲಿ ಉಳಿದುಕೊಂಡರು. ಕೆಲವೇ ದಿನಗಳಲ್ಲಿ ಸುದ್ದಿ ಹರಡಿ, ಕೋಲು ಹಿಡಿದ ಹತ್ತಾರು ಜನ ಬಂದು ಹೊರಡುವಂತೆ ಬೆದರಿಸಿದರು. ಊರಿನಲ್ಲಿದ್ದ ಇಬ್ಬರು ಪರಿಚಿತರನ್ನು, ಒಬ್ಬರು ಹಿಂದೂ, ಇನ್ನೊಬ್ಬರು ಕ್ರೈಸ್ತ, ಆಶ್ರಯ ಕೇಳಿದರೆ ಇಬ್ಬರೂ ಏನೇನೋ ನೆಪ ಹೇಳಿದರು. ಅಮೆರಿಕದಲ್ಲಿ ಓದಿ ಬಂದ ಆ ವಿದ್ವಾಂಸರು ರೈಲು ಬರುವವರೆಗೆ ಸಾರ್ವಜನಿಕ ಉದ್ಯಾನದಲ್ಲಿ ಕುಳಿತು ಕಾಲ ಕಳೆದು, ಮುಂಬಯಿಗೆ ಮರಳಿದರು.

ಓದುಗರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಹತ್ತು ವರ್ಷ ಸೇವೆ ಮಾಡುವೆನೆಂದು ಬರೆದುಕೊಟ್ಟವರು ಅವರು. ಆ ಮಾತಿಗೆ ಬದ್ಧರಾಗಿಯೇ ಹೋದರು. ಸಂಸ್ಥಾನ ಹಣ ಕೊಟ್ಟಿತ್ತು, ಹುದ್ದೆ ಕೊಟ್ಟಿತ್ತು, ಆದರೆ ರಾತ್ರಿ ತಲೆಯಿಡಲು ಒಂದು ಸೂರು ದೊರೆಯುವಂತೆ ಮಾಡಲು ಅದರಿಂದ ಆಗಲಿಲ್ಲ. ವಿದ್ಯಾರ್ಥಿವೇತನ ಒಬ್ಬ ಬಡ ಹುಡುಗನಿಗೆ ವಿದ್ಯೆ ಕೊಡಬಲ್ಲದು. ಅವನು ಹಿಂತಿರುಗಿ ಬಂದಾಗ ಅವನನ್ನು ಸ್ವೀಕರಿಸುವ ಸಮಾಜವನ್ನು ಅದೊಂದೇ ಕಟ್ಟಿಕೊಡಲಾರದು.

ಮತ್ತೆ ಲಂಡನ್ನಿಗೆ

ಮುಂಬಯಿಯಲ್ಲಿ ಅವರು ಮನೆಪಾಠ ಹೇಳಿದರು. ವ್ಯಾಪಾರಿಗಳಿಗೆ ಹಣಕಾಸಿನ ಸಲಹೆ ಕೊಡುವ ಕೆಲಸ ಆರಂಭಿಸಿದರು. ಸಲಹೆಗಾರನ ಜಾತಿ ತಿಳಿದ ಮೇಲೆ ಗಿರಾಕಿಗಳು ಬರುವುದು ನಿಂತಿತು. ಆದರೂ ಕೈಕಟ್ಟಿ ಕೂರಲಿಲ್ಲ. 1918ರಲ್ಲಿ ಭಾರತದ ಸಣ್ಣ ಹಿಡುವಳಿಗಳ ಸಮಸ್ಯೆಯ ಬಗ್ಗೆ ಒಂದು ಲೇಖನ ಪ್ರಕಟಿಸಿದರು. ಹೊಲದ ತುಂಡುಗಳನ್ನು ಒಂದುಗೂಡಿಸಿದ ಮಾತ್ರಕ್ಕೆ ರೈತನ ಬಡತನ ಹೋಗದು, ಬಂಡವಾಳ ಬೇಕು, ಭೂಮಿಯನ್ನೇ ನಂಬಿ ಕುಳಿತ ಹೆಚ್ಚುವರಿ ಕೈಗಳಿಗೆ ಕೈಗಾರಿಕೆಯಲ್ಲಿ ಕೆಲಸ ಬೇಕು ಎಂಬುದು ಅದರ ಸಾರ. ಒಂದು ಶತಮಾನದ ನಂತರವೂ ನಮ್ಮ ಅರ್ಥಶಾಸ್ತ್ರಜ್ಞರು ಚರ್ಚಿಸುತ್ತಿರುವ ವಿಷಯವಿದು.

ಅದೇ ವರ್ಷದ ನವೆಂಬರಿನಲ್ಲಿ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಸಂಬಳದಲ್ಲಿ ಒಂದೊಂದೇ ರೂಪಾಯಿ ಕೂಡಿಟ್ಟರು. ಅದಕ್ಕೆ ಕೊಲ್ಹಾಪುರದ ಶಾಹು ಮಹಾರಾಜರ ನೆರವು ಸೇರಿತು. ಗೆಳೆಯ ಭಾತೇನಾ 5,000 ರೂಪಾಯಿ ಸಾಲ ಕೊಟ್ಟರು. 1920ರ ಜುಲೈಯಲ್ಲಿ ಅವರು ಮತ್ತೆ ಲಂಡನ್ನಿಗೆ ಹೊರಟರು. ಈ ಬಾರಿ ಯಾವ ಸಂಸ್ಥಾನದ ವಿದ್ಯಾರ್ಥಿವೇತನವೂ ಇರಲಿಲ್ಲ. ಬೆಳಿಗ್ಗೆ ಬ್ರಿಟಿಷ್ ಮ್ಯೂಸಿಯಂನ ಗ್ರಂಥಾಲಯದ ಬಾಗಿಲು ತೆರೆಯುವಾಗ ಒಳಗೆ ಹೋದರೆ, ಮುಚ್ಚುವಾಗ ಹೊರಬರುತ್ತಿದ್ದರು. ರಾತ್ರಿ ಹಸಿವಾದರೆ ಹಪ್ಪಳ ಸುಟ್ಟು ತಿಂದು ಮತ್ತೆ ಓದಿಗೆ ಕೂರುತ್ತಿದ್ದರು.

1921ರಲ್ಲಿ ಎಂ.ಎಸ್ಸಿ. ಬಂತು. ನಂತರ ಭಾರತದ ರೂಪಾಯಿಯ ಸಮಸ್ಯೆಯನ್ನು ಕುರಿತು ಮಹಾಪ್ರಬಂಧ ಸಲ್ಲಿಸಿದರು. ಬ್ರಿಟಿಷ್ ಆಡಳಿತದ ನೀತಿಯನ್ನು ನೇರವಾಗಿ ಟೀಕಿಸಿದ ಆ ಬರವಣಿಗೆಗೆ ಪರೀಕ್ಷಕರಿಂದ ಆಕ್ಷೇಪ ಬಂದು, ತಿದ್ದಿ ಬರೆಯಬೇಕಾಯಿತು. 1923ರಲ್ಲಿ ಡಿ.ಎಸ್ಸಿ. ಪದವಿ ದೊರೆಯಿತು. ಬ್ಯಾರಿಸ್ಟರ್ ಪದವಿಯನ್ನೂ ಪಡೆದಿದ್ದರು. 1925ರಲ್ಲಿ ಪ್ರಾಂತೀಯ ಹಣಕಾಸಿನ ಬೆಳವಣಿಗೆಯ ಬಗ್ಗೆ ಅವರು ಕೊಲಂಬಿಯಾದಲ್ಲಿ ಸಿದ್ಧಪಡಿಸಿದ್ದ ಗ್ರಂಥ ಪ್ರಕಟವಾಯಿತು. ಅದರ ಆಧಾರದ ಮೇಲೆ 1927ರಲ್ಲಿ ಪಿಎಚ್.ಡಿ. ಪದವಿ ಬಂತು. ಆ ಗ್ರಂಥವನ್ನು ಅವರು ಅರ್ಪಿಸಿದ್ದು ಯಾರಿಗೆ ಗೊತ್ತೇ? ತಮ್ಮ ವಿದ್ಯಾಭ್ಯಾಸಕ್ಕೆ ನೆರವಾದ ಸಯಾಜಿರಾವ್ ಗಾಯಕವಾಡರಿಗೆ. ಬರೋಡಾದ ಅವಮಾನವನ್ನು ಅವರು ಮರೆಯಲಿಲ್ಲ. ಆದರೆ ಆ ಅವಮಾನದ ಕಾರಣಕ್ಕೆ ಉಪಕಾರವನ್ನೂ ಮರೆಯಲಿಲ್ಲ.

ಈ ಓದಿನ ಬೆಲೆಯನ್ನು ಅವರೊಬ್ಬರೇ ತೆರಲಿಲ್ಲ. ಪತಿ ಪರದೇಶದಲ್ಲಿದ್ದ ವರ್ಷಗಳಲ್ಲಿ ರಮಾಬಾಯಿ ಮುಂಬಯಿಯಲ್ಲಿ ಕಷ್ಟಪಟ್ಟು ಸಂಸಾರ ನಡೆಸಿದರು. ಅವರ ಐವರು ಮಕ್ಕಳಲ್ಲಿ ನಾಲ್ವರು ಎಳೆಯ ಪ್ರಾಯದಲ್ಲೇ ತೀರಿಕೊಂಡರು. ಯಶವಂತ ಒಬ್ಬರೇ ಉಳಿದರು. 1935ರಲ್ಲಿ ರಮಾಬಾಯಿಯೂ ಕಣ್ಮುಚ್ಚಿದರು. ವಿದೇಶದ ಪದವಿಯ ಹಿಂದೆ ಮನೆಯಲ್ಲಿ ಉಳಿದವರ ತ್ಯಾಗವೂ ಇರುತ್ತದೆ ಎಂಬುದನ್ನು ನಾವು ಮರೆಯಬಾರದು.

ಋಣ ತೀರಿಸಿದ ಬಗೆ

ಉರ್ದುವಿನಲ್ಲಿ ಅಮಾನತ್ ಎಂಬ ಮಾತಿದೆ. ನಮ್ಮ ಕನ್ನಡದ ಕಚೇರಿಗಳಲ್ಲಿ ಯಾರನ್ನಾದರೂ ಅಮಾನತು ಮಾಡಿದರು ಎಂದರೆ ಕೆಲಸದಿಂದ ತಾತ್ಕಾಲಿಕವಾಗಿ ತೆಗೆದರು ಎಂದರ್ಥ. ಆದರೆ ಉರ್ದುವಿನಲ್ಲಿ ಅದರ ಅರ್ಥ, ನಂಬಿಕೆಯಿಂದ ನಮ್ಮ ಕೈಗೆ ಒಪ್ಪಿಸಿದ ವಸ್ತು. ಅದು ನಮ್ಮ ಬಳಿ ಇದ್ದರೂ ನಮ್ಮದಲ್ಲ, ಸೇರಬೇಕಾದವರಿಗೆ ಸೇರಿಸಲೇಬೇಕು. ವಿದ್ಯಾರ್ಥಿವೇತನವೂ ಅಂಥದ್ದೇ ಎಂದು ನನ್ನ ಭಾವನೆ. ಅಂಬೇಡ್ಕರ್ ಅವರು ಬರೋಡಾದಲ್ಲಿ ಹತ್ತು ವರ್ಷ ಸೇವೆ ಮಾಡಲಾಗಲಿಲ್ಲ. ಆದರೆ ಕೈಗೆ ಬಂದ ಅಮಾನತ್ತನ್ನು ಸೇರಬೇಕಾದ ಕೈಗಳಿಗೆ ಸೇರಿಸಿದರು.

1924ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಸ್ಥಾಪಿಸಿದರು. ಮರುವರ್ಷದ ಆರಂಭದಲ್ಲಿ ಸೊಲ್ಲಾಪುರದಲ್ಲಿ ಬಡ ಮಕ್ಕಳಿಗಾಗಿ ವಿದ್ಯಾರ್ಥಿನಿಲಯ ತೆರೆಯಲಾಯಿತು. ಅದೇ 1925ರಲ್ಲಿ ನಮ್ಮ ನಿಪ್ಪಾಣಿಯ ಸಮ್ಮೇಳನಕ್ಕೂ ಅವರು ಬಂದಿದ್ದರು. ಮುಂದೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲೂ ಅವರ ಪ್ರಯತ್ನದಿಂದ ಒಂದು ವಿದ್ಯಾರ್ಥಿನಿಲಯ ನಡೆಯಿತು. ಊಟ ಮತ್ತು ವಸತಿ ಇಲ್ಲದೆ ಓದು ಇಲ್ಲ ಎಂಬುದನ್ನು ಬರೋಡಾದ ಉದ್ಯಾನದಲ್ಲಿ ಕುಳಿತವರಿಗಿಂತ ಚೆನ್ನಾಗಿ ಬಲ್ಲವರು ಯಾರು?

1942ರಲ್ಲಿ ಅವರು ವೈಸರಾಯರ ಕಾರ್ಯಕಾರಿ ಮಂಡಳಿಯಲ್ಲಿ ಕಾರ್ಮಿಕ ಇಲಾಖೆಯ ಸದಸ್ಯರಾದರು. ನೀರಾವರಿ ಮತ್ತು ವಿದ್ಯುತ್ತಿನ ವಿಷಯಗಳೂ ಅದೇ ಇಲಾಖೆಗೆ ಸೇರಿದ್ದವು. ದಾಮೋದರ ಕಣಿವೆ ಮತ್ತು ಮಹಾನದಿಯ ಹಿರಾಕುಡ್ ಯೋಜನೆಗಳ ತಳಹದಿ ಆ ದಿನಗಳಲ್ಲೇ ಬಿತ್ತು. ಒಂದು ನದಿಯಿಂದ ಪ್ರವಾಹ ನಿಯಂತ್ರಣ, ನೀರಾವರಿ, ವಿದ್ಯುತ್ತು ಎಲ್ಲವೂ ಒಟ್ಟಿಗೆ ಸಿಗಬೇಕು ಎಂಬುದು ಅವರ ದೃಷ್ಟಿಯಾಗಿತ್ತು. ನ್ಯೂಯಾರ್ಕ್ ಮತ್ತು ಲಂಡನ್ನಿನಲ್ಲಿ ಕಲಿತ ಲೆಕ್ಕ ದೇಶದ ಹೊಲಗಳಿಗೆ ಇಳಿದದ್ದು ಹೀಗೆ.

ಅದೇ ವರ್ಷ ಅಕ್ಟೋಬರಿನಲ್ಲಿ ಅವರು ವೈಸರಾಯ್ ಲಿನ್‌ಲಿತ್‌ಗೋ ಅವರಿಗೆ ಪರಿಶಿಷ್ಟ ಜಾತಿಗಳ ಕುಂದುಕೊರತೆಗಳ ಬಗ್ಗೆ ಮನವಿ ಸಲ್ಲಿಸಿದರು. ಇದರಲ್ಲಿ ನಮಗೂ ಸಂಬಂಧಿಸಿದ ಒಂದು ಸಂಗತಿ ಇದೆ. ಅಲಿಗಢದ ಮುಸ್ಲಿಂ ವಿಶ್ವವಿದ್ಯಾನಿಲಯಕ್ಕೂ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯಕ್ಕೂ ಸರ್ಕಾರ ವರ್ಷಕ್ಕೆ ಮೂರು ಮೂರು ಲಕ್ಷ ರೂಪಾಯಿ ಕೊಡುತ್ತಿದೆ, ನಮ್ಮ ಮಕ್ಕಳಿಗೂ ಅಷ್ಟಾದರೂ ಸಿಗಬೇಕು ಎಂದು ವಾದಿಸಿದ್ದಾಗಿ ಅವರು ಮುಂದೆ ಭಾಷಣದಲ್ಲಿ ನೆನಪಿಸಿಕೊಂಡಿದ್ದಾರೆ. ಇತರರಿಗೆ ಕೊಟ್ಟದ್ದನ್ನು ಕಡಿಮೆ ಮಾಡಿ ಎಂದು ಅವರು ಕೇಳಲಿಲ್ಲ, ನಮಗೂ ಅಷ್ಟೇ ಕೊಡಿ ಎಂದರು. ಸರ್ಕಾರ ಮೂರು ಲಕ್ಷ ಮಂಜೂರು ಮಾಡಿತು. ಆ ಹಣದಿಂದ ವಿದ್ಯಾರ್ಥಿಗಳು ಉನ್ನತ ವ್ಯಾಸಂಗಕ್ಕೆ ವಿದೇಶಕ್ಕೂ ಹೋದರು. 1944ರಲ್ಲಿ ಪರಿಶಿಷ್ಟ ಜಾತಿಯ ಮಕ್ಕಳಿಗಾಗಿ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆ ಜಾರಿಗೆ ಬಂತು. ಸ್ವಾತಂತ್ರ್ಯದ ನಂತರ, 1954-55ರಲ್ಲಿ, ವಿದೇಶ ವ್ಯಾಸಂಗಕ್ಕಾಗಿಯೇ ರಾಷ್ಟ್ರೀಯ ವಿದ್ಯಾರ್ಥಿವೇತನ ಆರಂಭವಾಯಿತು. ಅದು ಇಂದಿಗೂ ಇದೆ.

1945ರಲ್ಲಿ ಪೀಪಲ್ಸ್ ಎಜುಕೇಷನ್ ಸೊಸೈಟಿ, 1946ರಲ್ಲಿ ಮುಂಬಯಿಯ ಸಿದ್ಧಾರ್ಥ ಕಾಲೇಜು, 1950ರಲ್ಲಿ ಔರಂಗಾಬಾದಿನಲ್ಲಿ ಕಾಲೇಜು, ಹೀಗೆ ಅವರ ವಿದ್ಯಾಸಂಸ್ಥೆಗಳು ಬೆಳೆದವು. ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷತೆಯ ಕಥೆ ನಿಮಗೆ ಗೊತ್ತೇ ಇದೆ. 1952ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯ ತನ್ನ ಹಳೆಯ ವಿದ್ಯಾರ್ಥಿಯನ್ನು ಕರೆದು ಗೌರವ ಡಾಕ್ಟರೇಟ್ ನೀಡಿತು. 1956ರ ಡಿಸೆಂಬರ್ 6ರಂದು ದೆಹಲಿಯಲ್ಲಿ ಅವರು ನಿಧನರಾದರು.

ನಿಮಗೆ ನಾಲ್ಕು ಮಾತು

ಇಂದು ವಿದೇಶ ವ್ಯಾಸಂಗಕ್ಕೆ ದಾರಿಗಳು ಹೆಚ್ಚಿವೆ. ಕಾಮನ್‌ವೆಲ್ತ್ ವಿದ್ಯಾರ್ಥಿವೇತನ, ಬ್ರಿಟನ್ನಿನ ಚೀವ್ನಿಂಗ್, ಅಮೆರಿಕದ ಫುಲ್‌ಬ್ರೈಟ್, ಜರ್ಮನಿಯ ಡಾಡ್ ಸಂಸ್ಥೆಯವರು ಅಭಿವೃದ್ಧಿ ಸಂಬಂಧಿ ಸ್ನಾತಕೋತ್ತರ ವಿಷಯಗಳಿಗೇ ಕೊಡುವ ವೇತನ, ಹೀಗೆ ಹಲವು ಇವೆ. ಇವುಗಳಲ್ಲಿ ಕೆಲವಕ್ಕೆ ಪದವಿಯ ನಂತರ ಎರಡು ವರ್ಷಗಳ ಕೆಲಸದ ಅನುಭವವನ್ನೂ ಕೇಳುತ್ತಾರೆ. ಆದ್ದರಿಂದ ಪದವಿ ಮುಗಿದ ಕೂಡಲೇ ಸಿಗಲಿಲ್ಲವೆಂದು ಎದೆಗುಂದಬೇಡಿ. ಆರೋಗ್ಯ, ಕೃಷಿ, ನೀರು, ಶಿಕ್ಷಣ, ನಗರ ಯೋಜನೆ ಮೊದಲಾದ ಕ್ಷೇತ್ರಗಳಲ್ಲಿ ಕೆಲಸ ಮಾಡಿ ಅನುಭವ ಪಡೆಯಿರಿ.

ಯೋಜನೆಗಳು ಶಾಶ್ವತವಲ್ಲ ಎಂಬುದೂ ತಿಳಿದಿರಲಿ. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯಧನ ನೀಡುತ್ತಿದ್ದ ಕೇಂದ್ರದ ಪಢೋ ಪರದೇಶ್ ಯೋಜನೆ 2022-23ರಲ್ಲಿ ನಿಂತಿತು. ಅದನ್ನೇ ನಂಬಿದ್ದ ಕುಟುಂಬಗಳಿಗೆ ಇದು ದೊಡ್ಡ ಪೆಟ್ಟು. ಆದರೆ 1917ರಲ್ಲಿ ವೇತನ ನಿಂತಾಗ ಅಂಬೇಡ್ಕರ್ ಮಾಡಿದ್ದೇನು? ಮತ್ತೆ ಬರಲು ಅನುಮತಿ ಪಡೆದು ಬಾಗಿಲನ್ನು ತೆರೆದಿಟ್ಟುಕೊಂಡರು, ದುಡಿದರು, ಕೂಡಿಟ್ಟರು, ಕೇಳಬೇಕಾದವರಲ್ಲಿ ಕೇಳಿದರು, ಮೂರು ವರ್ಷದ ಮೇಲೆ ಹೋಗಿ ಮುಗಿಸಿದರು.

ಸಂಘದ ಹಿರಿಯರಲ್ಲಿಯೂ ಒಂದು ವಿನಂತಿ. ಒಬ್ಬ ಅಂಬೇಡ್ಕರ್ ರೂಪುಗೊಳ್ಳಲು ಒಡವೆ ಕೊಟ್ಟ ಅಕ್ಕಂದಿರು, ಶಿಫಾರಸು ಮಾಡಿದ ಉಪಾಧ್ಯಾಯರು, ಹಣ ಕೊಟ್ಟ ಮಹಾರಾಜರು, ಸಾಲ ಕೊಟ್ಟ ಗೆಳೆಯ, ಎಲ್ಲರೂ ಬೇಕಾದರು. ಅವರಲ್ಲಿ ಬೇರೆ ಬೇರೆ ಜಾತಿ ಧರ್ಮದವರಿದ್ದರು. ನಮ್ಮ ಊರಿನಲ್ಲಿಯೂ ಓದುವ ಹಂಬಲದ ಮಕ್ಕಳು ಇದ್ದಾರೆ. ಅವರನ್ನು ಹುಡುಕಿ, ಅರ್ಜಿ ತುಂಬಲು ನೆರವಾಗಿ, ಕೊನೆಯ ದಿನಾಂಕ ತಪ್ಪದಂತೆ ನೋಡಿಕೊಳ್ಳಿ. ಹಿಂತಿರುಗಿ ಬಂದವರಿಗೆ ಊರಿನಲ್ಲಿ ಒಂದು ಸ್ಥಾನವನ್ನೂ ಕೊಡಿ.

ವಿದ್ಯಾರ್ಥಿಗಳೇ, ನಾಳೆ ನಿಮಗೊಂದು ವಿದ್ಯಾರ್ಥಿವೇತನ ಸಿಕ್ಕರೆ ಸಂತೋಷಪಡಿ, ಮನೆಯವರೊಂದಿಗೆ ಸಿಹಿ ಹಂಚಿ. ಅದರ ಜೊತೆಗೆ ಅದನ್ನು ಯಾರಿಗೆ ತಲುಪಿಸಬೇಕೆಂಬುದನ್ನೂ ಅಂದೇ ಯೋಚಿಸಿ. ಬರೋಡಾ ಕೊಟ್ಟ ಹನ್ನೊಂದೂವರೆ ಪೌಂಡು ಸಾವಿರಾರು ಮಕ್ಕಳ ಶುಲ್ಕವಾಗಿ, ಊಟವಾಗಿ, ಪುಸ್ತಕವಾಗಿ ತಿರುಗಿ ಬಂತು. ನಿಮ್ಮ ಕೈಗೆ ಬಂದದ್ದೂ ಹಾಗೆಯೇ ಬೆಳೆದು ಮುಂದಿನವರಿಗೆ ಸೇರಲಿ ಎಂದು ಹಾರೈಸುತ್ತೇನೆ.